ಮಗುವನ್ನು ಕಂಡೆ

ಮಧ್ಯಾಹ್ನ ಮೂರು ಗಂಟೆಯ ಸಭೆಯಲ್ಲಿ ಅವಳು ಒಂದು ಸಂಖ್ಯೆ ಹೇಳಬೇಕಿತ್ತು, ಅಷ್ಟೆ. ಒಬ್ಬ ಕಾರ್ಯಕರ್ತೆಯ ಕೈಗೆ ಎಷ್ಟು ಮಕ್ಕಳು? ಬೆಳಿಗ್ಗೆ ಎದ್ದಾಗಿನಿಂದ ಆ ಸಂಖ್ಯೆ ಅವಳ ತಲೆಯಲ್ಲಿ ಹೊರಳಾಡುತ್ತಿತ್ತು. ಹಲ್ಲುಜ್ಜುವಾಗ ಇಪ್ಪತ್ತು ಅಂದುಕೊಂಡಳು. ಹಾಲು ಕಾಯಿಸುವಾಗ, ಇಪ್ಪತ್ತು ಅಂದರೆ ನಗುತ್ತಾರೆ, ಮೂವತ್ತು ಅನ್ನೋಣ ಅಂದುಕೊಂಡಳು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದಾಗ, ಮೂವತ್ತು ಅಂದರೆ ಮತ್ತದೇ ಗೋಳು, ಹದಿನೆಂಟೇ ಸರಿ ಅನ್ನಿಸಿತು. ಒರೆಸುವ ಬಟ್ಟೆ ಹುಡುಕುತ್ತ ಅಡುಗೆಮನೆಯಲ್ಲಿ ಎರಡು ಸುತ್ತು ಹಾಕಿದಳು. ಬಟ್ಟೆ ಅವಳ ಹೆಗಲ ಮೇಲೇ ಇತ್ತು. ಮಕ್ಕಳ ರಕ್ಷಣಾ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ದುಡಿದವಳಿಗೆ, ಅದರಲ್ಲಿ ಒಂಬತ್ತು ವರ್ಷ ಮೇಲ್ವಿಚಾರಕಿಯಾಗಿದ್ದವಳಿಗೆ, ಒಂದು ಸಂಖ್ಯೆ ಹೇಳುವುದೇನು ಮಹಾ ಎಂದು ಯಾರಾದರೂ ಕೇಳಬಹುದಿತ್ತು. ಅವಳೂ ತನ್ನನ್ನು ಹಾಗೇ ಕೇಳಿಕೊಂಡಳು, ಉತ್ತರ ಗೊತ್ತಿದ್ದೂ ಕೇಳಿಕೊಂಡಳು, ಮತ್ತೆ ಒಲೆ ಒರೆಸಿದಳು.

ಈ ಸಂಖ್ಯೆಯ ಕತೆ ಶುರುವಾದದ್ದು ಒಂದು ಬಸ್ ನಿಲ್ದಾಣದಲ್ಲಿ. ಅವಳ ಕೈಕೆಳಗಿನ ಎಂಟು ಕಾರ್ಯಕರ್ತೆಯರಲ್ಲಿ ಒಬ್ಬಳು, ನಾಲ್ಕು ವರ್ಷ ಒಂದು ದಿನವೂ ತಡವಾಗಿ ಬಂದವಳಲ್ಲ, ಎರಡು ತಿಂಗಳ ಹಿಂದೆ ಹತ್ತು ಗಂಟೆಗೆ ಮನೆ ಭೇಟಿಗೆಂದು ಹೊರಟು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಳು. ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಸಂಜೆ ಐದಕ್ಕೆ ಆಫೀಸಿನವರು ಯಾರೋ ನೋಡಿದಾಗ ತೊಡೆಯ ಮೇಲೆ ಫೈಲಿಟ್ಟುಕೊಂಡು ಅಲ್ಲೇ ಕೂತಿದ್ದಳು. ಜ್ವರವಿಲ್ಲ, ತಲೆಸುತ್ತಿಲ್ಲ, ಅಳುವೂ ಇಲ್ಲ. ಯಾವ ಬಸ್ಸು ಹತ್ತಬೇಕು ಅಂತ ಗೊತ್ತಾಗಲಿಲ್ಲ ಎಂದಳಂತೆ. ಮಾರನೇ ದಿನದಿಂದ ಕೆಲಸಕ್ಕೆ ಬರಲಿಲ್ಲ. ಅವಳ ಐವತ್ತೊಂದು ಮಕ್ಕಳನ್ನು ಉಳಿದ ಏಳು ಜನರಿಗೆ ಹಂಚಬೇಕಾಗಿ ಬಂದಾಗ ಆ ಏಳೂ ಜನ ಸೇರಿ ಒಂದು ಅರ್ಜಿ ಬರೆದರು: ಒಬ್ಬರಿಗೆ ಇಷ್ಟೇ ಎಂದು ಒಂದು ಮಿತಿ ಹಾಕಿ, ಅದಕ್ಕಿಂತ ಹೆಚ್ಚು ಕೊಡಬೇಡಿ. ನಿರ್ದೇಶಕರು ಒಳ್ಳೆಯವರು. ಆಗಲಿ ಎಂದರು. ಮಿತಿ ಎಷ್ಟಿರಬೇಕು ಎಂಬುದನ್ನು ಹೇಳಲು ಇಡೀ ಕಚೇರಿಯಲ್ಲಿ ಒಬ್ಬರಿಗೇ ಹಕ್ಕಿದೆ ಎಂದರು. ಆ ಒಬ್ಬಳು ಈಗ ಸುಟ್ಟ ಹಾಲಿನ ಕಮಟು ವಾಸನೆಯ ನಡುವೆ ನಿಂತಿದ್ದಳು.

ಅವಳ ಗಂಡ ಬಸ್ ಚಾಲಕ. ಮಧ್ಯಾಹ್ನದ ಪಾಳಿ ಇದ್ದ ದಿನ ಬೆಳಿಗ್ಗೆ ಅವನಿಗೆ ಮಾತಿನ ಚಪಲ. ಎಂಟು ಗಂಟೆ ಓಡಿಸಿದ ಮೇಲೆ ಡಿಪೋದವರು ಗಾಡಿಯ ಕೀಲಿ ಕಿತ್ತುಕೊಳ್ಳುತ್ತಾರೆ, ಕಾಲಿಗೆ ಬಿದ್ದರೂ ಕೊಡುವುದಿಲ್ಲ, ಯಾಕೆಂದರೆ ಒಂಬತ್ತನೇ ಗಂಟೆಯಲ್ಲಿ ಕಣ್ಣು ತೆರೆದೇ ಇರುತ್ತದೆ, ಆದರೆ ರಸ್ತೆ ಕಾಣುವುದಿಲ್ಲ ಎಂದು ಅವನು ಹೇಳತೊಡಗಿದ. ಇದನ್ನು ಅವನು ಸಾವಿರ ಸಲ ಹೇಳಿದ್ದ. ಅವಳು ಹೂಂಗುಟ್ಟಿದಳು. "ನಮ್ಮ ಬಸ್ಸಲ್ಲಿ ಕೂರೋಕೆ ಇಷ್ಟು ಜನ, ನಿಲ್ಲೋಕೆ ಇಷ್ಟು ಜನ ಅಂತ ಬಾಗಿಲ ಮೇಲೆ ಬರ್ದಿರ್ತಾರೆ. ನಿಮ್ಮ ಆಫೀಸಲ್ಲಿ ಎಲ್ರೂ ಫುಟ್‌ಬೋರ್ಡ್ ಮೇಲೇ ಅಲ್ವೇನೇ," ಎಂದು ನಕ್ಕ. ನೆಂಟರು ಬಂದಾಗಲೆಲ್ಲ ಅವನು ಅವಳನ್ನು ಅರವತ್ತೆರಡು ಮಕ್ಕಳ ತಾಯಿ ಎಂದು ಪರಿಚಯಿಸುತ್ತಿದ್ದ, ಮತ್ತು ಅವರು ಬೆಚ್ಚಿ ಬೀಳುವುದನ್ನು ನೋಡಿ ಹೊಟ್ಟೆ ಹಿಡಿದು ನಗುತ್ತಿದ್ದ. ಅವಳೂ ನಗುತ್ತಿದ್ದಳು. ಹಾಗೆ ನಕ್ಕು ನಕ್ಕು ಹತ್ತೊಂಬತ್ತು ವರ್ಷ ಕಳೆದಿದ್ದವು. ಇವತ್ತು ಅವನ ಮುಂದೆ ಕೂತು, ರೀ, ಒಂದು ಮಾತು ಹೇಳಬೇಕು ಎಂದು ಶುರು ಮಾಡಿದಳು. ಅವನು ಕತ್ತೆತ್ತಿ ನೋಡಿದ. ಸೊಪ್ಪು ತರೋದು ಮರೀಬೇಡಿ ಎಂದು ಮುಗಿಸಿದಳು.

ಅರವತ್ತೆರಡು. ಹತ್ತೊಂಬತ್ತು ವರ್ಷದ ಹಿಂದೆ, ಕಚೇರಿಯಲ್ಲಿ ನಾಲ್ಕೇ ಜನ ಇದ್ದ ಕಾಲದಲ್ಲಿ, ಅವಳೊಬ್ಬಳ ಹೆಸರಿನಲ್ಲಿ ಅರವತ್ತೆರಡು ಮಕ್ಕಳಿದ್ದರು. ತಿಂಗಳಿಗೊಮ್ಮೆ ಪ್ರತಿ ಮಗುವನ್ನೂ ಕಣ್ಣಾರೆ ನೋಡಬೇಕು, ನೋಡಿ ಭೇಟಿ ಹಾಳೆ ತುಂಬಬೇಕು, ಹಾಳೆಯ ಮೊದಲ ಪ್ರಶ್ನೆಯೇ ಮಗುವನ್ನು ಕಂಡಿರಾ ಎಂಬುದು. ಮೂರು ವರ್ಷ ಅವಳ ಒಂದು ಹಾಳೆಯೂ ಬಾಕಿ ಉಳಿಯಲಿಲ್ಲ. ತಿಂಗಳಿಗೆ ಅರವತ್ತೆರಡು ಹಾಳೆ, ಅರವತ್ತೆರಡು ಸಲ ಮಗುವನ್ನು ಕಂಡೆ. ಆಫೀಸಿನಲ್ಲಿ ಅವಳಿಗೆ ಅರವತ್ತೆರಡಕ್ಕ ಎಂದೇ ಹೆಸರು ಬಿತ್ತು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಎದುರಿಗೇ ಕರೆದರು, ಈಗಂತೂ ಹೊಸದಾಗಿ ಸೇರಿದವರಿಗೆ ಅವಳ ನಿಜವಾದ ಹೆಸರೇ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಕೂತು ಅವಳು ಕಿಟಕಿಯ ಗಾಜಿನ ಮೇಲೆ ಬೆರಳಿನಿಂದ ಲೆಕ್ಕ ಹಾಕಿದಳು: ವಾರದಲ್ಲಿ ಮೂರು ದಿನ ಹೊರಗೆ, ಉಳಿದದ್ದು ಶಾಲೆ, ಆಸ್ಪತ್ರೆ, ವಿಚಾರಣೆ, ಬರವಣಿಗೆ. ಹೊರಗೆ ಹೋದ ದಿನ ಸರಿಯಾಗಿ ನೋಡಿದರೆ ಎರಡು ಮನೆ. ತಿಂಗಳಿಗೆ ಇಪ್ಪತ್ತನಾಲ್ಕು ಭೇಟಿ. ಕೆಲವು ಮಕ್ಕಳನ್ನು ಎರಡೆರಡು ಸಲ ನೋಡಬೇಕಾಗುತ್ತದೆ. ಹದಿನೆಂಟು ಮಕ್ಕಳು, ಬಹಳ ಅಂದರೆ ಇಪ್ಪತ್ತು. ಮೂರನೇ ತರಗತಿಯ ಲೆಕ್ಕ ಇದು. ಆದರೆ ಈ ಲೆಕ್ಕವನ್ನು ಯಾರ ಮುಂದಿಟ್ಟರೂ ಅವರು ಮೊದಲು ಕೇಳುವುದು, ಹಾಗಾದರೆ ಅರವತ್ತೆರಡಕ್ಕ ಹೇಗೆ ಮಾಡಿದರು ಎಂದೇ. ಪಕ್ಕದಲ್ಲಿ ಕೂತಿದ್ದ ಹೆಂಗಸು ಗಾಜಿನ ಮೇಲಿನ ಅಂಕಿಗಳನ್ನೂ ಅವಳ ಮುಖವನ್ನೂ ಒಮ್ಮೆ ನೋಡಿ ತನ್ನ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಆಫೀಸಿನ ಮೆಟ್ಟಿಲ ಬಳಿಯೇ ಕಿರಿಯ ಕಾರ್ಯಕರ್ತೆ ಕಾದಿದ್ದಳು. ಸೇರಿ ಏಳು ತಿಂಗಳು. ಮೊದಲಿದ್ದ ನಲವತ್ತಾರು ಮಕ್ಕಳಿಗೆ ಬಸ್ ನಿಲ್ದಾಣದವಳ ಏಳು ಮಕ್ಕಳು ಸೇರಿ ಈಗ ಐವತ್ತಮೂರು. ಕಣ್ಣ ಕೆಳಗೆ ಕಪ್ಪಾಗಿತ್ತು, ಕುತ್ತಿಗೆಗೆ ಗುರುತಿನ ಚೀಟಿ ತಿರುಗುಮುರುಗಾಗಿ ನೇತಾಡುತ್ತಿತ್ತು. ಅಕ್ಕ, ಅಕ್ಕ ಎನ್ನುತ್ತ ಹಿಂದೆಯೇ ಬಂದಳು. ಈ ತಿಂಗಳು ಇನ್ನೂ ಹತ್ತೊಂಬತ್ತು ಹಾಳೆ ಬಾಕಿ ಇವೆ, ತನ್ನದು ಎಲ್ಲಿ ತಪ್ಪುತ್ತಿದೆ ಅಂತ ಗೊತ್ತಾಗುತ್ತಿಲ್ಲ, ಊಟ ಬಿಟ್ಟು ನೋಡಿದಳಂತೆ, ಸೈಕಲ್ ತಗೊಂಡು ನೋಡಿದಳಂತೆ. ಆಮೇಲೆ ದನಿ ತಗ್ಗಿಸಿ, "ಅಕ್ಕ, ನೀವು ಅರವತ್ತೆರಡು ಮಾಡ್ತಿದ್ರಲ್ಲ, ಅದರ ಮೇಲೆ ಹನ್ನೊಂದನೇ ಪುಟದ ಥರ ಬರೀತಿದ್ರಲ್ಲ. ನಂಗೆ ಬರೀ ಹಾಜರಿ ಹಾಕೋಕೂ ಆಗ್ತಿಲ್ಲ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ ಅನ್ಸುತ್ತೆ," ಎಂದಳು. ಅವಳು ಏನೋ ಹೇಳಲು ಹೋದಳು. ಹುಡುಗಿಯ ಗುರುತಿನ ಚೀಟಿಯನ್ನು ನೆಟ್ಟಗೆ ತಿರುಗಿಸಿ, ತಿಂಡಿ ತಿಂದ್ಯಾ ಎಂದು ಕೇಳಿ ಒಳಗೆ ಹೋದಳು.

ಹನ್ನೊಂದನೇ ಪುಟ ಎಂದರೆ ತರಬೇತಿ ಕೈಪಿಡಿಯ ಹನ್ನೊಂದನೇ ಪುಟ. ಭೇಟಿ ಹಾಳೆ ಹೇಗಿರಬೇಕು ಎಂಬುದಕ್ಕೆ ಮಾದರಿಯಾಗಿ ಅಲ್ಲಿ ಅವಳ ಹಳೆಯ ಬರಹ ಅಚ್ಚಾಗಿತ್ತು. ಏಳು ವರ್ಷದ ಹೆಣ್ಣುಮಗು. ನಕ್ಕಾಗ ಮೇಲಿನ ಮುಂದಿನ ಹಲ್ಲು ಬಿದ್ದಿರುವುದು ಕಂಡಿತು. ಬಿದ್ದ ಹಲ್ಲನ್ನು ಬೆಂಕಿಪೆಟ್ಟಿಗೆಯಲ್ಲಿಟ್ಟುಕೊಂಡಿದ್ದಾಳೆ. ಕೇಳಿದ್ದಕ್ಕೆ ಮೊದಲು ನಾಚಿ, ಆಮೇಲೆ ತೆರೆದು ತೋರಿಸಿದಳು. ಮುಂದಿನ ತಿಂಗಳ ಹಾಳೆ: ಹೊಸ ಹಲ್ಲು ಅರ್ಧ ಬಂದಿದೆ, ಸ್ವಲ್ಪ ವಾರೆಯಾಗಿದೆ, ಅದನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಳ್ಳುತ್ತಿರುತ್ತಾಳೆ. ಕೆಳಗೆ ದಪ್ಪಕ್ಷರದಲ್ಲಿ, ನೋಡುವುದು ಎಂದರೆ ಇದು, ಎಂದು ನಿರ್ದೇಶಕರ ಟಿಪ್ಪಣಿ. ಪ್ರತಿ ವರ್ಷ ಹೊಸಬರು ಇದನ್ನು ಗಟ್ಟಿಯಾಗಿ ಓದುತ್ತಾರೆ. ಓದುವಾಗ ಒಬ್ಬರಲ್ಲ ಒಬ್ಬರ ಕಣ್ಣಲ್ಲಿ ನೀರು ಬರುತ್ತದೆ. ಅವಳು ಆ ಹೊತ್ತಿಗೆ ಏನಾದರೂ ನೆಪ ಮಾಡಿ ಹೊರಗೆ ಹೋಗಿಬಿಡುತ್ತಾಳೆ. ಅದನ್ನೂ ಅವಳ ವಿನಯ ಎಂದೇ ತಿಳಿದಿದ್ದಾರೆ.

ಹನ್ನೊಂದನೇ ಪುಟದ ಆ ಮಗುವಿನ ಮನೆ ಐದನೇ ಮಹಡಿಯಲ್ಲಿತ್ತು. ಲಿಫ್ಟ್ ಕೆಟ್ಟಿತ್ತು. ಅವತ್ತು ಆಗಲೇ ನಾಲ್ಕು ಮನೆ ಮುಗಿಸಿದ್ದಳು, ನಾಲ್ಕನೇ ಮನೆಯಲ್ಲಿ ಒಬ್ಬ ತಂದೆ ಬಾಯಿಗೆ ಬಂದಂತೆ ಬೈದು ಬಾಗಿಲು ಮುಖಕ್ಕೆ ಬಡಿದಿದ್ದ, ಚಪ್ಪಲಿಯ ಉಂಗುಷ್ಠ ಕಿತ್ತು ಪಿನ್ನಿನಲ್ಲಿ ನಿಂತಿತ್ತು. ಸಂಜೆ ನಾಲ್ಕೂವರೆ. ಐದಕ್ಕೆ ತನ್ನ ಮಗಳನ್ನು ಶಾಲೆಯಿಂದ ಕರೆತರಬೇಕು, ಗಂಡನ ಬಸ್ಸು ಊರಾಚೆ. ಮೆಟ್ಟಿಲ ಬುಡದಲ್ಲಿ ನಿಂತು ಕತ್ತೆತ್ತಿದಳು. ಐದನೇ ಮಹಡಿಯ ಕಂಬಿಯ ಮೇಲೆ ಒಂದು ಹಳದಿ ಫ್ರಾಕ್ ಒಣಗುತ್ತಿತ್ತು. ಫ್ರಾಕ್ ಒಣಗುತ್ತಿದೆ ಎಂದರೆ ಯಾರೋ ಒಗೆದಿದ್ದಾರೆ. ಒಗೆದಿದ್ದಾರೆ ಎಂದರೆ ನೋಡಿಕೊಳ್ಳುತ್ತಿದ್ದಾರೆ. ನೋಡಿಕೊಳ್ಳುತ್ತಿದ್ದಾರೆ ಎಂದರೆ ಮಗು ಇದೆ, ಕ್ಷೇಮವಾಗಿದೆ. ತರ್ಕಕ್ಕೇನು ಕೊರತೆ. ಹಾಳೆಯಲ್ಲಿ ಮಗುವನ್ನು ಕಂಡೆ ಎಂದು ಬರೆದು, ಬಸ್ಸಿಗೆ ಓಡಿದಳು. ನಾಳೆ ಬಂದು ನೋಡಿದರಾಯಿತು ಎಂದುಕೊಂಡದ್ದು ನಿಜ. ನಾಳೆ ಬೇರೆ ಐದು ಮನೆಗಳಿದ್ದವು. ಮುಂದಿನ ತಿಂಗಳು ಮತ್ತೆ ಬುಡದಲ್ಲೇ ನಿಂತು ನೋಡಿದಳು, ಅದೇ ಫ್ರಾಕ್ ಇತ್ತು, ಕೃತಜ್ಞತೆಯಿಂದ ಅವಳ ಕಣ್ಣು ಒದ್ದೆಯಾಯಿತು. ಆಮೇಲೆ ಬುಡಕ್ಕೂ ಹೋಗಲಿಲ್ಲ. ಹದಿನಾಲ್ಕು ತಿಂಗಳ ಹಾಳೆಗಳನ್ನು ಟೇಬಲ್ಲಿನ ಮೇಲೆಯೇ ಬರೆದಳು, ಅದೊಂದೇ ಮಗುವಿನದ್ದಲ್ಲ, ಅಂಥ ಎಷ್ಟೋ ಮಕ್ಕಳದ್ದು. ಬರೀ ಕ್ಷೇಮ ಎಂದು ಬರೆದರೆ ಅನುಮಾನ ಬರುತ್ತದೆ ಎಂದು ಹಲ್ಲು, ಜಡೆ, ಮೊಣಕಾಲಿನ ಗಾಯ ಎಲ್ಲ ಸೇರಿಸಿದಳು. ಏಳು ವರ್ಷದ ಮಕ್ಕಳಿಗೆ ಹಲ್ಲು ಬೀಳುತ್ತದೆ ಎಂಬುದು ಸುಳ್ಳಲ್ಲವಲ್ಲ.

ಹಲ್ಲೂ ಸುಳ್ಳಲ್ಲ, ಬೆಂಕಿಪೆಟ್ಟಿಗೆಯೂ ಸುಳ್ಳಲ್ಲ. ಅದು ಅವಳ ಸ್ವಂತ ಮಗಳದ್ದು. ಆ ಬೆಳಿಗ್ಗೆ ಮಗಳು ಪೆಟ್ಟಿಗೆ ಹಿಡಿದುಕೊಂಡು ಅಡುಗೆಮನೆ, ಬಚ್ಚಲು, ಬಾಗಿಲು ಎಂದು ಹಿಂದೆ ಹಿಂದೆಯೇ ಸುತ್ತಿದ್ದಳು, ಅಮ್ಮ ನೋಡು, ಅಮ್ಮ ನೋಡು ಎಂದು. ಆಮೇಲೆ ನೋಡ್ತೀನಿ, ಬಸ್ಸು ಹೋಗುತ್ತೆ ಎಂದು ಅವಳು ಚಪ್ಪಲಿ ಮೆಟ್ಟಿದ್ದಳು. ಮಧ್ಯಾಹ್ನ ಆಫೀಸಿನಲ್ಲಿ ಹಾಳೆ ತುಂಬಲು ಏನೂ ಹೊಳೆಯದೆ ಪೆನ್ನು ಕಚ್ಚುತ್ತ ಕೂತಾಗ, ಮಗಳ ಅಂಗೈಯ ಮೇಲಿನ ಆ ಪೆಟ್ಟಿಗೆ ನೆನಪಾಗಿ, ನೋಡದಿದ್ದ ಹಲ್ಲನ್ನು ನೋಡದಿದ್ದ ಮಗುವಿನ ಬಾಯಿಂದ ಉದುರಿಸಿದಳು. ನಾಚಿಕೆಯೇ ಆಗಲಿಲ್ಲ ಆಗ. ಚೆನ್ನಾಗಿ ಬಂತು ಅನ್ನಿಸಿ ಎರಡು ಸಲ ಓದಿಕೊಂಡಿದ್ದಳು. ಈಗ ಆ ಮಗಳು ತನ್ನ ಸಂಸಾರ ಕಟ್ಟಿಕೊಂಡು ಬೇರೆ ಊರಲ್ಲಿದ್ದಾಳೆ, ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ, ಹೇಗಿದ್ದೀಯಮ್ಮ ಎಂದು ಕೇಳಿ ಉತ್ತರ ಬರುವ ಮುಂಚೆಯೇ ಸರಿ ಇಡ್ತೀನಿ ಎನ್ನುತ್ತಾಳೆ. ಅದಕ್ಕೆ ಅವಳು ಬೇಜಾರು ಮಾಡಿಕೊಳ್ಳುವಂತೆಯೂ ಇರಲಿಲ್ಲ.

ಹನ್ನೆರಡಕ್ಕೆ ನಿರ್ದೇಶಕರು ಕರೆಸಿದರು. ಅವರ ಮೇಜಿನ ಮೇಲೆ ಅವಳ ಹಳೆಯ ಫೈಲುಗಳು, ಮೂರು ವರ್ಷದ್ದು, ದಾರ ಕಟ್ಟಿ ಒಟ್ಟಿದ್ದವು. ಉಗ್ರಾಣದಿಂದ ತಾವೇ ಹುಡುಕಿ ತೆಗೆಸಿದ್ದಾಗಿ ಹೇಳಿ, ಕೈಗೆ ಹತ್ತಿದ ಧೂಳನ್ನು ಸಂತೋಷದಿಂದ ತೋರಿಸಿದರು. ಮೇಲಿನವರಿಗೆ ಬರೇ ಬಾಯಿಮಾತು ಸಾಲದು, ಆಧಾರ ಬೇಕು. ಆಧಾರ ನಮ್ಮ ಮನೆಯಲ್ಲೇ ಇದೆ. ಒಬ್ಬ ಹೆಂಗಸು ಒಬ್ಬಳೇ ಮೂರು ವರ್ಷ ಅರವತ್ತೆರಡು ಮಕ್ಕಳನ್ನು ಒಂದು ಹಾಳೆ ಬಾಕಿ ಇಲ್ಲದೆ ನೋಡಿಕೊಂಡಿದ್ದಾಳೆ. ಎಲ್ಲರೂ ಅವಳಂತಿರಲು ಸಾಧ್ಯವಿಲ್ಲ, ಅದು ತನಗೂ ಗೊತ್ತು. ಅದಕ್ಕೇ ಮೂರನೇ ಒಂದು ಭಾಗಕ್ಕಿಂತ ಜಾಸ್ತಿಯೇ ಇಳಿಸಿ, ನಲವತ್ತು ಎನ್ನೋಣ. ನಲವತ್ತಕ್ಕೆ ಯಾರೂ ಬಾಯಿ ತೆಗೆಯುವಂತಿಲ್ಲ. ಅವಳು ಆ ದಾರಗಳನ್ನೇ ನೋಡುತ್ತಿದ್ದಳು. ಒಂದು ಗಂಟು ಅವಳೇ ಹಾಕಿದ್ದು, ಬಿಗಿದ ರೀತಿಯಿಂದ ಗುರುತು ಸಿಕ್ಕಿತು.

"ನಲವತ್ತು ಜಾಸ್ತಿ ಆಯ್ತು ಸಾರ್," ಎಂದಳು.

"ಯಾರು ಹೇಳ್ತಿರೋದು ಇದನ್ನ?" ಎಂದು ಅವರು ನಕ್ಕರು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಿಮ್ಮ ಹುಡುಗಿಯರ ಮೇಲೆ ನಿಮಗೆ ಕರುಳು, ಗೊತ್ತಾಗುತ್ತೆ ಮೇಡಂ ಎಂದರು. ಆಗಲೇ ಹೇಳಬಹುದಿತ್ತು. ಕೋಣೆಯಲ್ಲಿ ಇಬ್ಬರೇ ಇದ್ದರು, ಬಾಗಿಲು ಮುಚ್ಚಿತ್ತು, ಫ್ಯಾನು ತಿರುಗುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂತು. ಅವರು ಆ ಹೊತ್ತಿಗೆ, ಕುರ್ಚಿಯಲ್ಲಿ ಮುಂದೆ ಬಾಗಿ, ತಾನು ಈ ಇಲಾಖೆಗೆ ಬಂದ ಹೊಸದರಲ್ಲಿ ಎಲ್ಲ ಬಿಟ್ಟು ಓಡಿಹೋಗಬೇಕು ಅಂದುಕೊಂಡಿದ್ದಾಗ ಆ ಹಲ್ಲಿನ ಹಾಳೆ ಕಣ್ಣಿಗೆ ಬಿತ್ತು, ಇಂಥವರು ಇರುವ ಕಡೆ ತಾನೂ ಇರಬೇಕು ಅನ್ನಿಸಿತು ಎಂದು ಹೇಳಿದರು. ಅವಳು ಥ್ಯಾಂಕ್ಸ್ ಸಾರ್ ಎಂದಳು. ಆ ಎರಡು ಶಬ್ದ ಹೇಳಿದ್ದಕ್ಕೆ ಆಮೇಲೆ ಶೌಚಾಲಯದಲ್ಲಿ ಮುಖಕ್ಕೆ ನೀರು ಎರಚಿಕೊಳ್ಳುತ್ತ ತನ್ನನ್ನು ತಾನೇ ಬೈದುಕೊಂಡಳು, ಗಂಡ ಅಡ್ಡ ಬಂದ ಆಟೋದವರಿಗೆ ಬೈಯುವ ಶಬ್ದಗಳಲ್ಲೇ ಬೈದುಕೊಂಡಳು. ನಲವತ್ತಕ್ಕೆ ಒಪ್ಪಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಇನ್ನು ನಾಲ್ಕು ವರ್ಷಕ್ಕೆ ನಿವೃತ್ತಿ, ಹಾರ, ಭಾಷಣ, ಹನ್ನೊಂದನೇ ಪುಟ. ಮೇಲಿನವರು ಒಪ್ಪಿದ ಮಿತಿ ಎಂದ ಮೇಲೆ ಆ ಕಿರಿಯವಳಿಗೆ ಗೊಣಗುವ ದಾರಿಯೂ ಉಳಿಯುವುದಿಲ್ಲ. ಮಿತಿಯೊಳಗೆ ಮಾಡಲಾಗದವಳು ಕೈಲಾಗದವಳೇ. ಅವಳೂ ಒಂದು ದಿನ ಬಸ್ ನಿಲ್ದಾಣದಲ್ಲಿ ಕೂರುತ್ತಾಳೆ. ಇಲ್ಲವೇ ಯಾವುದೋ ಮೆಟ್ಟಿಲ ಬುಡದಲ್ಲಿ ನಿಂತು ಕತ್ತೆತ್ತುತ್ತಾಳೆ. ನಲ್ಲಿಯನ್ನು ನಿಲ್ಲಿಸಲು ಮರೆತು ಹೊರಬಂದಳು, ಮತ್ತೆ ಹೋಗಿ ನಿಲ್ಲಿಸಿದಳು.

ಮೂರು ಗಂಟೆಗೆ ಉದ್ದ ಮೇಜಿನ ಸುತ್ತ ಎಲ್ಲರೂ ಕೂತರು. ಏಳು ಕಾರ್ಯಕರ್ತೆಯರು ಒಂದು ಕಡೆ, ನಿರ್ದೇಶಕರು ತುದಿಯಲ್ಲಿ, ಪಕ್ಕದಲ್ಲಿ ನಡಾವಳಿ ಬರೆಯುವ ಗುಮಾಸ್ತೆ. ಫೈಲುಗಳನ್ನೂ ತರಬೇತಿ ಕೈಪಿಡಿಯನ್ನೂ ಮೇಜಿನ ನಡುವೆ ಇಟ್ಟಿದ್ದರು. ನಿರ್ದೇಶಕರು ಕಾಲು ಗಂಟೆ ಮಾತಾಡಿದರು. ನಲವತ್ತು ಎಂದಾಗ ಹುಡುಗಿಯರ ಮುಖ ಇಳಿಯಿತು. ಎಲ್ಲರೂ ಮೊದಲು ಫೈಲುಗಳನ್ನು ನೋಡಿದರು, ಆಮೇಲೆ ಅವಳನ್ನು ನೋಡಿದರು. ಅರ್ಜಿ ಬರೆದಿದ್ದ ಹಿರಿಯ ಕಾರ್ಯಕರ್ತೆ ಪೆನ್ನಿನ ಮುಚ್ಚಳ ಹಾಕಿಬಿಟ್ಟಳು. ಮೇಡಂ ಒಪ್ಪಿದರೆ ಬರೆದುಕೊಳ್ಳೋಣ ಎಂದರು ನಿರ್ದೇಶಕರು. ಅವಳು ಕೈ ಚಾಚಿ ಮೇಲಿನ ಫೈಲಿನ ಮೇಲೆ ಅಂಗೈ ಇಟ್ಟಳು.

"ಸಾರ್, ಈ ಹಾಳೆಗಳು ಸುಳ್ಳು," ಎಂದಳು. "ನಾನು ಹೋಗಿಲ್ಲ. ಕೂತಲ್ಲೇ ಬರ್ದಿದ್ದು."

ಯಾರೋ ಸಣ್ಣಗೆ ನಕ್ಕರು, ತಮಾಷೆ ಎಂದುಕೊಂಡು. ನಿರ್ದೇಶಕರೂ ತುಟಿಯಲ್ಲೇ ನಗು ಹಿಡಿದು ಕಾದರು. ಅವಳು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಶುರು ಮಾಡಲು ಆಗುವುದಿಲ್ಲ ಎಂದು ಗೊತ್ತಿತ್ತು. ಮೆಟ್ಟಿಲು, ಫ್ರಾಕ್, ಬೆಂಕಿಪೆಟ್ಟಿಗೆ, ತನ್ನ ಮಗಳ ಹಲ್ಲು, ಎಲ್ಲವನ್ನೂ ತೀರ ಸಣ್ಣ ದನಿಯಲ್ಲಿ, ಹೋಂವರ್ಕ್ ಮಾಡದ ವಿದ್ಯಾರ್ಥಿನಿಯ ಹಾಗೆ ಹೇಳಿದಳು. ಗುಮಾಸ್ತೆ ಬರೆಯುವುದನ್ನು ನಿಲ್ಲಿಸಿ, ಇದನ್ನೂ ಬರೆಯಲಾ ಎಂಬಂತೆ ನಿರ್ದೇಶಕರ ಕಡೆ ನೋಡಿದಳು. ಅವರು ಗುಮಾಸ್ತೆಯ ಕಡೆ ನೋಡಲಿಲ್ಲ. ಆ ಮಗು ಈಗ ಎಲ್ಲಿದೆ ಎಂದು ಕೇಳಿದರು. ಗೊತ್ತಿಲ್ಲ ಎಂದಳು. ಮನೆ ಖಾಲಿ ಮಾಡಿ ಹೋದರು ಎಂದು ಆಮೇಲೆ ತಿಳಿಯಿತು, ಕೇಸು ಮುಗಿದಿದೆ ಎಂದು ಬರೆದು ಸಹಿ ಮಾಡಿದ್ದೆ. "ಹಾಗಾದ್ರೆ ನಿಜವಾಗಿ ನೋಡಿದ್ದು ಎಷ್ಟು ಮಕ್ಕಳನ್ನ?" ಎಂದರು ಅವರು, ಈಗ ಅವರ ದನಿಯಲ್ಲಿ ಮೇಡಂ ಇರಲಿಲ್ಲ. ಅವಳು ಬೆರಳು ಮಡಚತೊಡಗಿದಳು. ಕಿವಿ ಸೋರುತ್ತಿದ್ದ ಹುಡುಗ ಒಬ್ಬ, ಸದಾ ಹತ್ತಿ ಇಟ್ಟುಕೊಂಡಿರುತ್ತಿದ್ದ. ಮಾತೇ ಆಡದೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಬಸ್ಸು ಬರೆಯುತ್ತಿದ್ದವಳು. ಅವಳಿಜವಳಿ ಇಬ್ಬರು, ಒಬ್ಬನಿಗೆ ಬೈದರೆ ಇನ್ನೊಬ್ಬ ಅಳುತ್ತಿದ್ದ. ಅವಳ ಸೆರಗು ಹಿಡಿದು ರಸ್ತೆಯ ತಿರುವಿನವರೆಗೂ ಬರುತ್ತಿದ್ದ ನಾಲ್ಕು ವರ್ಷದವಳು. ಎರಡು ಕೈಯ ಬೆರಳು ಮುಗಿದು ಮತ್ತೆ ಶುರುವಾದವು. ಯಾರೂ ಅವಸರ ಮಾಡಲಿಲ್ಲ. ಹದಿನೇಳಕ್ಕೆ ಮುಖಗಳು ನಿಂತುಹೋದವು. ಹದಿನೆಂಟನೆಯದಕ್ಕೆ ಹುಡುಕಿದಳು, ಬರೀ ಹೆಸರುಗಳಿದ್ದವು.

"ಹದಿನೇಳು," ಎಂದಳು. "ಅಷ್ಟೇ ಆಗೋದು ಸಾರ್. ಒಬ್ಬರ ಕೈಲಿ ಅಷ್ಟೇ ಆಗೋದು."

ಅವಳು ಮನಸ್ಸಿನಲ್ಲಿ ಏನೇನೋ ಅಂದುಕೊಂಡಿದ್ದಳು. ಬೈಗುಳ ಬರಬಹುದು, ಅಮಾನತು ಆಗಬಹುದು. ಆದರೆ ಆ ಹುಡುಗಿಯರಾದರೂ, ಅವರಿಗಾಗಿಯೇ ಹೇಳಿದ್ದಲ್ಲವೇ, ಅವರ ಕಣ್ಣಲ್ಲಿ ಒಂದಿಷ್ಟು ಮೆಚ್ಚುಗೆಯಾದರೂ ಇರಬಹುದು ಎಂಬ ಆಸೆ ಎಲ್ಲೋ ಮೂಲೆಯಲ್ಲಿತ್ತು; ಅದು ಇತ್ತು ಎಂಬುದೇ ಅದು ಸುಳ್ಳಾದಾಗ ತಿಳಿಯಿತು. ಹಿರಿಯ ಕಾರ್ಯಕರ್ತೆ ಕಿಟಕಿಯ ಕಡೆ ತಿರುಗಿದಳು. ಕಿರಿಯವಳ ಕುತ್ತಿಗೆ ಕೆಂಪಾಗಿತ್ತು. "ಹನ್ನೊಂದನೇ ಪುಟ ನಂಗೆ ಬಾಯಿಪಾಠ ಬರುತ್ತೆ ಮೇಡಂ," ಎಂದಳು ಅವಳು. "ಏಳು ತಿಂಗಳಿಂದ ನಾನೇ ದಡ್ಡಿ ಅಂದ್ಕೊಂಡಿದ್ದೆ." ಬೆಳಿಗ್ಗೆ ಅಕ್ಕ ಆಗಿದ್ದವಳು ಮಧ್ಯಾಹ್ನಕ್ಕೆ ಮೇಡಂ ಆಗಿದ್ದಳು. ಏನಾದರೂ ಬಾಯಿಬಿಟ್ಟು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ, ಇದನ್ನು ತಡೆದುಕೊಳ್ಳುವುದು ಕಷ್ಟವಾಯಿತು. ನಿರ್ದೇಶಕರು ಫೈಲುಗಳನ್ನು ಒಂದೊಂದಾಗಿ ತಮ್ಮ ಕಡೆ ಎಳೆದುಕೊಂಡರು. ಗುಮಾಸ್ತೆಗೆ, ಎರಡನ್ನೂ ಬರೀರಿ ಎಂದರು, ಸಂಖ್ಯೆಯನ್ನೂ ಬರೀರಿ, ಇದನ್ನೂ ಬರೀರಿ. ಮೇಲಿನವರಿಂದ ಉತ್ತರ ಬರುವವರೆಗೆ ಒಬ್ಬೊಬ್ಬರಿಗೆ ಹದಿನೇಳು. ಹೊಸಬರು ಬರುವವರೆಗೆ ಪಕ್ಕದ ಕಚೇರಿಗಳಿಂದ ಜನ ಕೇಳುತ್ತೇನೆ. ಹಳೆಯ ಕೇಸುಗಳ ವಿಚಾರಣೆ ಆಗುತ್ತದೆ. ಅದು ಮುಗಿಯುವವರೆಗೆ ನೀವು ಮೇಲ್ವಿಚಾರಕಿ ಅಲ್ಲ, ಸೋಮವಾರದಿಂದ ಹೊರಗಿನ ಕೆಲಸಕ್ಕೆ ಹೋಗಿ, ನಿಮ್ಮ ಹಾಳೆಗಳನ್ನೂ ಆಮೇಲೆ ಒಬ್ಬರು ಮನೆಮನೆಗೆ ಹೋಗಿ ಪರೀಕ್ಷೆ ಮಾಡುತ್ತಾರೆ. ಅಷ್ಟು ಹೇಳಿ ಎದ್ದುಹೋದರು. ಹೋಗುವಾಗ ಕೈಪಿಡಿಯನ್ನು ಮೇಜಿನ ಮೇಲೆಯೇ ಬಿಟ್ಟಿದ್ದರು.

ಪಾಳಿ ಮುಗಿಸಿ ರಾತ್ರಿ ಬಂದ ಗಂಡನಿಗೆ ಹೇಳಿದಾಗ ಅವನು ಸೊಪ್ಪು ಬಿಡಿಸುತ್ತ ಕೂತಿದ್ದ. ನೆಂಟರ ಮುಂದೆ ತಾನು ಆಡಿದ್ದನ್ನೆಲ್ಲ ನೆನಪು ಮಾಡಿಕೊಳ್ಳುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಆಮೇಲೆ, ಅವತ್ತೇ ಯಾಕೆ ಯಾರಿಗೂ ಹೇಳ್ಲಿಲ್ಲ ಎಂದು ಕೇಳಿದ. ನಂಗಾಗಲ್ಲ ಅಂತ ಹೇಳೋಕೆ ಬಾಯಿ ಬರ್ಲಿಲ್ಲ ರೀ ಎಂದಳು. ಅವನು ಸೊಪ್ಪಿನ ದಂಟುಗಳನ್ನು ಎತ್ತಿ ಬುಟ್ಟಿಗೆ ಹಾಕಿದ.

ಸೋಮವಾರ ಅವಳ ಹದಿನೇಳು ಮಕ್ಕಳ ಪಟ್ಟಿಯನ್ನು ಕೊಡಬೇಕಾಗಿದ್ದವಳು ಕಿರಿಯವಳು. ಈ ಹುಡುಗಿಯ ಐವತ್ತಮೂರರಿಂದಲೇ ತೆಗೆದಿದ್ದರು. ಪಟ್ಟಿಯನ್ನು ಮೇಜಿನ ಮೇಲಿಟ್ಟು ಹೊರಟವಳು ಬಾಗಿಲವರೆಗೆ ಹೋಗಿ ತಿರುಗಿ ಬಂದಳು. ಸುತ್ತ ನೋಡಿ, ಪಟ್ಟಿಯಲ್ಲಿ ಮೂರು ಹೆಸರುಗಳ ಪಕ್ಕ ಪೆನ್ಸಿಲ್ಲಿನಿಂದ ಸಣ್ಣ ಚುಕ್ಕೆ ಇಟ್ಟಳು. "ಈ ಮೂರು ಮಕ್ಕಳನ್ನ ನಾನೂ ನೋಡಿಲ್ಲ," ಎಂದಳು. ಹಾಳೆಯಲ್ಲಿ ಇದೆಯಲ್ಲ ಎಂದು ಅವಳು ಕೇಳಲಿಲ್ಲ. ಹುಡುಗಿ ಅಕ್ಕ ಎಂದೂ ಅನ್ನಲಿಲ್ಲ, ಮೇಡಂ ಎಂದೂ ಅನ್ನಲಿಲ್ಲ. ಅವಳು ಎಷ್ಟು ತಿಂಗಳಿಂದ ಎಂದಷ್ಟೇ ಹುಡುಗಿಯನ್ನು ಕೇಳಿ, ಎರಡು ಎಂಬ ಉತ್ತರ ಪಡೆದು, ಚಪ್ಪಲಿ ಹಾಕಿಕೊಂಡು ಹೊರಟಳು.

ಮೊದಲ ಚುಕ್ಕೆಯ ಮನೆ ಒಂದು ಬಟ್ಟೆ ಗೋದಾಮಿನ ಹಿಂದಿನ ಓಣಿಯಲ್ಲಿತ್ತು. ಐದು ವರ್ಷದ ಹೆಣ್ಣುಮಗು, ತಾಯಿ ಇಲ್ಲ, ಚಿಕ್ಕಮ್ಮನ ಮನೆಯಲ್ಲಿ ಬೆಳೆಯುತ್ತಿದೆ. ಬಾಗಿಲು ತೆಗೆದ ಚಿಕ್ಕಮ್ಮನ ಸೊಂಟದ ಮೇಲೆ ಒಂದು ಕೂಸು, ಕಾಲಿಗೆ ಜೋತುಬಿದ್ದು ಇನ್ನೊಂದು. ಗುರುತಿನ ಚೀಟಿ ನೋಡಿದ್ದೇ ಅವಳ ಮುಖ ಬಿಗಿಯಿತು. "ಮಲಗಿದೆ ಮಗು," ಎಂದಳು ಬಾಗಿಲನ್ನು ಪೂರ್ತಿ ತೆಗೆಯದೆ. "ಎಬ್ಬಿಸಿದ್ರೆ ಹಟ ಮಾಡುತ್ತೆ. ನೋಡಿದ್ವಿ ಅಂತ ಬರ್ಕೊಂಡು ಹೋಗಿ, ಹೋದ್ಸಲ ಬಂದೋರೂ ಹಾಗೇ ಮಾಡಿದ್ರು." ಏಳಲಿ, ಕೂತಿರುತ್ತೇನೆ ಎಂದಳು ಅವಳು. ಹೊಸ್ತಿಲ ಒಳಗೆ ಒಂದು ಸ್ಟೂಲಿತ್ತು, ಅದರ ಮೇಲೆ ಕೂತಳು. ಹಳೆಯ ಅಭ್ಯಾಸ, ಕೂತ ಕೂಡಲೇ ಗಡಿಯಾರದ ಕಡೆ ಕಣ್ಣು ಹೋಯಿತು. ಮುಂದೆ ಯಾವ ಮನೆ ಎಂದು ನೆನಪು ಮಾಡಿಕೊಳ್ಳಲು ಹೋದರೆ ಇವತ್ತಿಗೆ ಇನ್ನೊಂದೇ ಮನೆ, ಅದೂ ಮಧ್ಯಾಹ್ನದ ಮೇಲೆ. ಏನು ಮಾಡಬೇಕೆಂದೇ ತೋಚಲಿಲ್ಲ. ಚಿಕ್ಕಮ್ಮ ಒಳಗೆ ಹೋದಳು, ಹೊರಗೆ ಬಂದಳು, ಪಾತ್ರೆ ಸದ್ದು ಮಾಡಿದಳು. ಇಂಥ ಸದ್ದಿಗೂ ಏಳದ ನಿದ್ದೆ ಯಾವುದು ಎಂದು ಅವಳಿಗೆ ಅನ್ನಿಸಿತು. ಕಾಲಿಗೆ ಜೋತುಬಿದ್ದಿದ್ದ ಮಗು ಬಂದು ಅವಳ ಚೀಲದ ಜಿಪ್ಪು ಎಳೆಯಿತು. ಮುಕ್ಕಾಲು ಗಂಟೆ ಕಳೆಯಿತು. ನಿಮಗೆ ಬೇರೆ ಮನೆಗಳಿಲ್ಲವಾ ಎಂದು ಚಿಕ್ಕಮ್ಮ ಕೇಳಿದಳು. ಇವೆ, ಆದರೆ ಈಗ ಹೊತ್ತಿದೆ ಎಂದಳು ಅವಳು.

ಚಿಕ್ಕಮ್ಮ ಕೂಸನ್ನು ಚಾಪೆಯ ಮೇಲೆ ಬಿಟ್ಟು ಗೋಡೆಗೆ ಒರಗಿ ಕೂತಳು. ಸೆರಗಿನಿಂದ ಕತ್ತು ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

"ಮಗು ಒಳಗಿಲ್ಲ," ಎಂದಳು. "ಎರಡು ತಿಂಗಳಾಯ್ತು. ನಮ್ಮತ್ತೆ ತಂಗಿ ಮನೇಲಿ ಬಿಟ್ಟಿದೀವಿ. ಮೂರು ಮಕ್ಕಳು, ಇವೆರಡೂ ಹೀಗೆ. ಹೇಳಿದ್ರೆ ನೀವು ಎಲ್ಲೋ ಹಾಕಿಬಿಡ್ತೀರಿ ಅಂತ ಭಯ. ನಂಗೊಬ್ಬಳಿಗೆ ಆಗ್ಲಿಲ್ಲ ಅಕ್ಕ."

ಎರಡು ತಿಂಗಳು, ಎರಡು ಹಾಳೆ, ಮಗು ಕ್ಷೇಮ. ಅವಳಿಗೆ ಕೋಪ ಬರಬೇಕಿತ್ತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಎದುರು ಕೂತ ಹೆಂಗಸು ಹೆದರಿದ ಕಣ್ಣಲ್ಲಿ ಅವಳ ಬಾಯನ್ನೇ ನೋಡುತ್ತಿದ್ದಳು. ಹೇಳಿದ್ದು ಒಳ್ಳೇದಾಯ್ತು ಎಂದಳು ಅವಳು. ಆ ಮನೆಯವರು ಹೇಗೆ, ಮಗು ಊಟ ಮಾಡುತ್ತಾ, ಶಾಲೆಗೆ ಕಳಿಸುತ್ತಾರಾ ಎಂದು ಒಂದೊಂದಾಗಿ ಕೇಳಿದಳು. ಅರ್ಧ ಪ್ರಶ್ನೆಗಳಿಗೆ ಚಿಕ್ಕಮ್ಮನಿಗೆ ಉತ್ತರ ಗೊತ್ತಿರಲಿಲ್ಲ. ಒಂದು ತಿಂಗಳಿಂದ ಹೋಗಿ ನೋಡಿಲ್ಲ ಎಂದು ಒಪ್ಪಿಕೊಂಡಳು. ಅವಳು ಆ ಮನೆಯ ವಿಳಾಸ ಕೇಳಿ ಬರೆದುಕೊಂಡು, ತಪ್ಪಿರಬಾರದೆಂದು ಇನ್ನೊಮ್ಮೆ ಹೇಳಿಸಿದಳು. ಎರಡು ಬಸ್ಸು ಬದಲಿಸಬೇಕು, ಕೊನೆಯ ನಿಲ್ದಾಣದಲ್ಲಿ ಇಳಿದು ನಡೆಯಬೇಕು.

"ಈಗಲೇ ಹೋಗ್ತೀರಾ?" ಎಂದಳು ಚಿಕ್ಕಮ್ಮ.

"ಈಗಲೇ. ನೀವೂ ಬನ್ನಿ, ಮಗು ನನ್ನ ನೋಡಿಲ್ಲ, ಹೆದರುತ್ತೆ."

ಚಿಕ್ಕಮ್ಮ ಒಳಗೆ ಹೋಗಿ ಚಪ್ಪಲಿ ಹುಡುಕಿದಳು. ಬಾಗಿಲಿಗೆ ಬೀಗ ಹಾಕಲು ಚಿಕ್ಕಮ್ಮನಿಗೆ ಕೈ ಖಾಲಿ ಇರಲಿಲ್ಲ. ಅವಳು ಚಿಕ್ಕಮ್ಮನ ದೊಡ್ಡ ಮಗುವನ್ನು ಎತ್ತಿಕೊಂಡಳು, ಅದು ಭಾರವಿತ್ತು, ಮತ್ತು ಇಬ್ಬರೂ ಓಣಿಯಿಂದ ಬಸ್ಸು ನಿಲ್ಲುವ ಕಡೆ ಬೇಗ ಬೇಗ ನಡೆದರು.